ಸಿಹಿನೀರಿಲ್ಲದ ಕಡಲ ತೀರದಲ್ಲಿ

ಆಸ್ಟ್ರೇಲಿಯಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸಿಡ್ನಿಯ ಒಪೇರಾ ಹೌಸ್, ಮೆಲ್ಬೋರ್ನಿನ ಕ್ರಿಕೆಟ್ ಮೈದಾನ. ಅವೆರಡೂ ಇರುವುದು ಆ ದೇಶದ ಆಗ್ನೇಯ ಭಾಗದಲ್ಲಿ. ಪಶ್ಚಿಮದ ಕಥೆಯೇ ಬೇರೆ. ಪಶ್ಚಿಮ ಆಸ್ಟ್ರೇಲಿಯಾ ರಾಜ್ಯ ನಮ್ಮ ಕರ್ನಾಟಕಕ್ಕಿಂತ ಸುಮಾರು 13 ಪಟ್ಟು ದೊಡ್ಡದು. ಜನಸಂಖ್ಯೆ ಮಾತ್ರ 30 ಲಕ್ಷದ ಆಸುಪಾಸು. ಅವರಲ್ಲೂ ಹೆಚ್ಚಿನವರು ರಾಜಧಾನಿ ಪರ್ತ್‌ನಲ್ಲೇ ನೆಲೆಸಿದ್ದಾರೆ. ಉಳಿದದ್ದು ಬಯಲು, ಕುರುಚಲು ಗಿಡಗಳು, ಮರುಭೂಮಿ ಮತ್ತು ಸಾವಿರಾರು ಕಿಲೋಮೀಟರ್ ಉದ್ದದ ನಿರ್ಜನ ಕಡಲ ತೀರ.

2023ರ ಜುಲೈ ತಿಂಗಳಲ್ಲಿ ಈ ತೀರದುದ್ದಕ್ಕೂ ಕುಟುಂಬ ಸಮೇತ ಪ್ರಯಾಣಿಸುವ ಅವಕಾಶ ನಮಗೆ ಒದಗಿತು. ನನ್ನ ತಂಗಿಯ ಸಂಸಾರ ಪರ್ತ್‌ನಲ್ಲಿದೆ. ಮಕ್ಕಳಿಗೆ ಚಳಿಗಾಲದ ರಜೆ. ಹೋಟೆಲು ಬೇಡ, ಡೇರೆ ಹಾಕಿಕೊಂಡೇ ಹೋಗೋಣ ಎಂದದ್ದು ಭಾವ. ಎಪ್ಪತ್ತು ದಾಟಿದ ಉಮ್ಮನನ್ನು ಡೇರೆಯಲ್ಲಿ ಮಲಗಿಸುವುದು ಹೇಗೆ ಎಂಬ ಅಳುಕು ನನಗಿತ್ತು. ತಂಗಿಗೆ ಬೇರೊಂದು ಚಿಂತೆ. ಅವಳ ಮಕ್ಕಳಿಬ್ಬರೂ ಅಲ್ಲೇ ಬೆಳೆದವರು. ಹದಿನಾಲ್ಕರ ಮಗಳಿಗೆ ನಮ್ಮ ಮನೆಮಾತು ಅರ್ಥವಾಗುತ್ತದೆ, ಆಡಲು ಬಾರದು. ಒಂಬತ್ತರ ಮಗನಿಗೆ ಅದೂ ಇಲ್ಲ. ಉಮ್ಮ ಬಂದು ಎರಡು ವಾರವಾಗಿದ್ದರೂ ಅಜ್ಜಿ-ಮೊಮ್ಮಕ್ಕಳ ನಡುವೆ ಸಲಾಮ್ ಮತ್ತು ಮುಗುಳ್ನಗೆಯ ಹೊರತು ಹೆಚ್ಚಿನದೇನೂ ನಡೆದಿರಲಿಲ್ಲ.

ಏಳು ಮಂದಿ, ಒಂದು ದೊಡ್ಡ ವಾಹನ, ಹಿಂದೆ ಸಾಮಾನಿನ ಟ್ರೈಲರ್. ಗುರಿ ಪರ್ತ್‌ನಿಂದ ಉತ್ತರಕ್ಕೆ ಸುಮಾರು 1,250 ಕಿ.ಮೀ. ದೂರದ ಎಕ್ಸ್‌ಮೌತ್ ಎಂಬ ಸಣ್ಣ ಪಟ್ಟಣ ಮತ್ತು ಅದರಾಚೆಯ ನಿಂಗಲೂ ಹವಳದ ತೀರ.

ಮೊದಲ ದಿನದ ತಂಗುದಾಣ ಜೆರಾಲ್ಡ್‌ಟನ್. 1941ರ ನವೆಂಬರ್ 19ರಂದು ಈ ಕರಾವಳಿಯಾಚೆ 'ಸಿಡ್ನಿ' ಎಂಬ ಯುದ್ಧನೌಕೆ ಮುಳುಗಿ ಅದರಲ್ಲಿದ್ದ 645 ಮಂದಿಯೂ ತೀರಿಹೋದರು. ಒಬ್ಬನೂ ಬದುಕಿ ಬರಲಿಲ್ಲ. ನೌಕೆಯ ಅವಶೇಷ ಸಿಕ್ಕಿದ್ದು 2008ರಲ್ಲಿ. ಊರಿನ ಗುಡ್ಡದ ಮೇಲೆ ಅವರ ಸ್ಮಾರಕವಿದೆ. ಸತ್ತವರ ಲೆಕ್ಕಕ್ಕೆ ಸರಿಯಾಗಿ 645 ಲೋಹದ ಕಡಲಹಕ್ಕಿಗಳನ್ನು ಜೋಡಿಸಿ ಕಟ್ಟಿದ ಗುಮ್ಮಟ, ಪಕ್ಕದಲ್ಲಿ ಸಮುದ್ರದತ್ತ ನೋಡುತ್ತಾ ನಿಂತಿರುವ ಹೆಂಗಸಿನ ಪ್ರತಿಮೆ. ಇದು ಯಾರೆಂದು ಉಮ್ಮನಿಗೆ ವಿವರಿಸಬೇಕಾಗಲಿಲ್ಲ. ಮಳೆಗಾಲದಲ್ಲಿ ದೋಣಿ ಮರಳದ ಮನೆಗಳನ್ನು ಅವರು ನಮ್ಮೂರಲ್ಲಿ ಕಂಡವರು.

ಅಲ್ಲಿಂದ ಮುಂದೆ ಹೆದ್ದಾರಿಯೆಂದರೆ ನೇರ ಎಳೆದ ಗೆರೆ. ನೂರು, ಕೆಲವೊಮ್ಮೆ ನೂರೈವತ್ತು ಕಿಲೋಮೀಟರಿಗೊಂದು ರೋಡ್‌ಹೌಸ್. ಪೆಟ್ರೋಲು, ಚಹಾ, ಶೌಚಾಲಯ ಎಲ್ಲವೂ ಅಲ್ಲೇ. ನಡುವೆ ಮನೆಗಳಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಎದುರಿನಿಂದ ಐವತ್ತು ಮೀಟರಿಗೂ ಉದ್ದದ 'ರೋಡ್ ಟ್ರೈನ್' ಲಾರಿಗಳು ಬಂದಾಗ ನಮ್ಮ ವಾಹನ ಗಾಳಿಗೆ ಅಲುಗಾಡುತ್ತಿತ್ತು. ಮುಸ್ಸಂಜೆಗೆ ಕಾಂಗರೂಗಳು ರಸ್ತೆಗೆ ನುಗ್ಗುವುದರಿಂದ ಸೂರ್ಯ ಮುಳುಗುವ ಮೊದಲೇ ಡೇರೆ ಹೊಡೆಯಬೇಕು. ಇದು ಭಾವನ ಕಟ್ಟಪ್ಪಣೆ.

ದಾರಿಯಲ್ಲಿ ಶಾರ್ಕ್ ಕೊಲ್ಲಿಯ ಹ್ಯಾಮೆಲಿನ್ ಪೂಲ್ ನೋಡಿದೆವು. ಸಮುದ್ರಕ್ಕಿಂತ ಎರಡು ಪಟ್ಟು ಉಪ್ಪಾದ ನೀರಿನಲ್ಲಿ ಕಪ್ಪು ಬಂಡೆಗಳಂತೆ ಕಾಣುವ ಸ್ಟ್ರೊಮಟೊಲೈಟ್‌ಗಳಿವೆ. ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಪದರ ಪದರವಾಗಿ ಕಟ್ಟಿದ ರಚನೆಗಳಿವು. ಭೂಮಿಯ ಮೇಲೆ ಇಂಥ ಜೀವಿಗಳ ಇತಿಹಾಸ ಸುಮಾರು 350 ಕೋಟಿ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ.

ಮುಂದಿನ ಊರು ಕಾರ್ನಾರ್ವನ್. ಇಲ್ಲಿನ ಗ್ಯಾಸ್ಕೊಯ್ನ್ ನದಿ ವರ್ಷದ ಹೆಚ್ಚಿನ ಕಾಲ ಮರಳಿನ ಅಡಿಯಲ್ಲೇ ಹರಿಯುತ್ತದೆ. ಆ ನೀರನ್ನು ಮೇಲೆತ್ತಿ ಬಾಳೆ, ಮಾವು ಬೆಳೆಯುತ್ತಾರೆ. ಈ ಊರಿನ ಮುಖ್ಯ ಬೀದಿ ಅಸಾಧಾರಣ ಅಗಲ. ಹಿಂದೆ ಉಣ್ಣೆ ಹೊತ್ತು ಬರುತ್ತಿದ್ದ ಒಂಟೆಗಳ ಸಾಲು ತಿರುಗಲು ಜಾಗ ಬೇಕಿತ್ತು. ಅಫ್ಘಾನಿಸ್ತಾನ, ಬಲೂಚಿಸ್ತಾನ, ಪಂಜಾಬ್ ಕಡೆಗಳಿಂದ ಬಂದ ಮುಸ್ಲಿಮ್ ಒಂಟೆ ಸವಾರರು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಖಂಡದ ಒಳನಾಡಿಗೆ ಆಹಾರ, ನೀರು, ತಂತಿ ಕಂಬಗಳನ್ನು ಸಾಗಿಸಿದರು. ಪರ್ತ್‌ನ ಹಳೆಯ ಮಸೀದಿಗೆ 1905ರಲ್ಲಿ ಅಡಿಗಲ್ಲು ಬಿದ್ದಿದ್ದು ಅಂಥವರ ದುಡಿಮೆಯ ಹಣದಿಂದಲೇ. ವಾಹನದಲ್ಲಿ ಕುಳಿತೇ ದಣಿದಿದ್ದ ನಮಗೆ ಅವರ ನಡಿಗೆಯನ್ನು ಊಹಿಸಿಕೊಳ್ಳುವುದು ಕಷ್ಟವಾಯಿತು.

ಮಕರ ಸಂಕ್ರಾಂತಿ ವೃತ್ತವನ್ನು ದಾಟಿ ಎಕ್ಸ್‌ಮೌತ್ ತಲಪಿದೆವು. ಅದರಾಚೆ ಕೇಪ್ ರೇಂಜ್ ರಾಷ್ಟ್ರೀಯ ಉದ್ಯಾನ. ಒಂದು ಕಡೆ ಸುಣ್ಣಕಲ್ಲಿನ ಗುಡ್ಡ, ಇನ್ನೊಂದು ಕಡೆ ಸಮುದ್ರ. ನಿಂಗಲೂ ಹವಳದ ಸಾಲು ಸುಮಾರು 260 ಕಿ.ಮೀ. ಉದ್ದವಿದೆ. ಕೆಲವೆಡೆ ದಡದಿಂದ ಈಜಿಯೇ ಹೋಗಿ ನೋಡಬಹುದು. 2011ರಲ್ಲಿ ಈ ಕರಾವಳಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿ ಡೇರೆಯ ಜಾಗವನ್ನು ಮೊದಲೇ ಕಾಯ್ದಿರಿಸಬೇಕು. ಬೆಂಕಿ ಹಾಕುವಂತಿಲ್ಲ, ಗ್ಯಾಸ್ ಒಲೆ ಮಾತ್ರ. ಕಸವನ್ನು ಮರಳಿ ಒಯ್ಯಬೇಕು. ಡೇರೆಯ ಜಾಗದಲ್ಲಿ ಕುಡಿಯುವ ನೀರು ಇಲ್ಲವೇ ಇಲ್ಲ. ಬೇಕಾದಷ್ಟನ್ನು ನಾವೇ ತರಬೇಕು.

ಅಲ್ಲಿನ ಎರಡನೆಯ ದಿನ ಬೆಳಿಗ್ಗೆ ನೋಡಿದರೆ ನಮ್ಮ ಎರಡು ಕ್ಯಾನುಗಳಲ್ಲಿ ಒಂದರ ತಳ ಸೀಳಿ, ನೀರೆಲ್ಲ ಮರಳಿಗೆ ಇಂಗಿತ್ತು. ಉಳಿದದ್ದು 20 ಲೀಟರಿನ ಒಂದು ಕ್ಯಾನು, ಕೆಲವು ಬಾಟಲಿಗಳು. ಇನ್ನೂ ಎರಡು ರಾತ್ರಿ ಕಳೆಯುವುದಿತ್ತು. ಎಕ್ಸ್‌ಮೌತ್‌ಗೆ ಹೋಗಿ ಬರಲು ಅರ್ಧ ದಿನ ಬೇಕು. ಡೇರೆ ಕಿತ್ತು ಹೊರಡೋಣವೇ ಎಂದು ನಾವು ಗಂಡಸರು ಚರ್ಚಿಸುತ್ತಿದ್ದೆವು.

"ಇಷ್ಟು ನೀರಿಗೆ ಯಾಕೆ ಹೆದರುತ್ತೀರಿ ಮಗನೇ? ಮೇ ತಿಂಗಳಲ್ಲಿ ಬಾವಿ ಬತ್ತಿದಾಗ ಒಂಬತ್ತು ಮಂದಿ ಎರಡು ಕೊಡದಲ್ಲಿ ದಿನ ಕಳೆದದ್ದು ಮರೆತೆಯಾ?" ಎಂದರು ಉಮ್ಮ.

ಅಂದಿನಿಂದ ನೀರಿನ ಯಜಮಾನಿಕೆ ಅವರದ್ದಾಯಿತು. ಪಾತ್ರೆಗಳನ್ನು ಮೊದಲು ಮರಳಿನಿಂದ ಉಜ್ಜಿ, ಸಮುದ್ರದ ನೀರಲ್ಲಿ ತೊಳೆದು, ಕೊನೆಗೆ ಒಂದೇ ಲೋಟ ಸಿಹಿನೀರು. ಅನ್ನ ಬಸಿಯುವಂತಿಲ್ಲ, ಎರಡು ಹೊತ್ತೂ ಗಂಜಿ. ಅದರ ತಿಳಿಯೂ ಹೊಟ್ಟೆಗೇ. ಕುಡಿಯುವ ನೀರಿನಲ್ಲಿ ಮಾತ್ರ ಯಾರಿಗೂ ಕಡಿಮೆ ಮಾಡಬಾರದು. ವುಝೂಗೆ ಏನು ಮಾಡುವುದೆಂದು ಸೊಸೆ ಕೇಳಿದಳು. ಸಮುದ್ರದ ನೀರು ಶುದ್ಧ, ಅದರಿಂದ ವುಝೂ ಮಾಡಬಹುದು ಎಂಬುದು ಮದ್ರಸದ ಆರಂಭದ ಪಾಠ. ಮಕ್ಕಳಿಗೆ ವರ್ಷಗಟ್ಟಲೆ ಕಲಿಸಿದ್ದೇನೆ. ಕರಾವಳಿಯಲ್ಲೇ ಹುಟ್ಟಿದ ನಾನು ಅದರ ಅಗತ್ಯವನ್ನು ಕಂಡದ್ದು ಆ ದಿನವೇ. ಮಕ್ಕಾ ಅಲ್ಲಿಂದಲೂ ಸಮುದ್ರದ ಕಡೆಗೇ, ಪಶ್ಚಿಮದಿಂದ ತುಸು ಬಲಕ್ಕೆ. ನಮ್ಮೂರಿನಂತೆಯೇ ಸೂರ್ಯ ಕಡಲಲ್ಲೇ ಮುಳುಗುತ್ತಾನೆ. ಅಲ್ಲಿ ನಿಂತು ಮಗ್ರಿಬ್ ನಮಾಝ್ ನಿರ್ವಹಿಸುವಾಗ ಪರದೇಶದಲ್ಲಿದ್ದೇನೆ ಎನಿಸಲಿಲ್ಲ.

ಹುಡುಗಿ ಕ್ಯಾನಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ಲೆಕ್ಕ ಬರೆಯತೊಡಗಿದಳು. ಉಮ್ಮ ಅಳೆದು ಕೊಡುವುದು 'ಕುಡ್ತೆ'ಯ ಲೆಕ್ಕದಲ್ಲಿ. ಆ ಶಬ್ದ ಅವಳಿಗೆ ಹೊಸತು. ಒಂದು ಕುಡ್ತೆ ಅಂದರೆ ಎಷ್ಟು, ಬಾವಿ ಎಷ್ಟು ಆಳವಿತ್ತು, ಹಗ್ಗ ಕಡಿದರೆ ಕೊಡವನ್ನು ಮೇಲೆತ್ತುವುದು ಹೇಗೆ ಎಂದು ಅರ್ಧ ಇಂಗ್ಲಿಷ್, ಅರ್ಧ ಮನೆಮಾತಿನಲ್ಲಿ ಕೇಳುತ್ತಾ ಹೋದಳು. ಹುಡುಗ ಪಕ್ಕದಲ್ಲಿ ಕುಳಿತು ಅಕ್ಕನಿಂದ ಅರ್ಥ ಕೇಳುತ್ತಿದ್ದ. ಫೋನಿಗೆ ಸಿಗ್ನಲ್ ಇಲ್ಲದ್ದೂ ಒಳ್ಳೆಯದೇ ಆಯಿತು. ಮೂರನೆಯ ಸಂಜೆ ದೂರದಲ್ಲಿ ತಿಮಿಂಗಿಲವೊಂದು ನೀರು ಚಿಮ್ಮಿಸಿದಾಗ ಆ ಹುಡುಗ ಮೊದಲು ಓಡಿದ್ದು ಅಜ್ಜಿಯನ್ನು ಕರೆಯಲು.

ಹೊರಡುವ ದಿನ ಕ್ಯಾನಿನಲ್ಲಿ ಇನ್ನೂ ಮೂರು ಬೆರಳಿನಷ್ಟು ನೀರಿತ್ತು, ಅಲ್‌ಹಮ್ದುಲಿಲ್ಲಾಹ್.

ಈ ತೀರಕ್ಕೆ ಹೋಗಬಯಸುವವರಿಗೆ ಎರಡು ಮಾತು. ಬೇಸಿಗೆಯ ಬಿಸಿಲು ಸಹಿಸಲಸಾಧ್ಯ, ಮೇಯಿಂದ ಸೆಪ್ಟೆಂಬರ್‌ವರೆಗೆ ಹೋಗುವುದು ಲೇಸು. ಟರ್ಕಾಯ್ಸ್ ಬೇ ಎಂಬಲ್ಲಿ ನೀರು ಕನ್ನಡಿಯಂತಿದ್ದರೂ ಒಳಸೆಳೆತ ಬಲವಾಗಿದೆ. ಅಲ್ಲಿನ ಸೂಚನಾ ಫಲಕ ಓದದೆ ಮಕ್ಕಳನ್ನು ಇಳಿಸಬಾರದು.

ನಾವು ಬಂದ ಮೇಲೆ, 2025ರ ಆರಂಭದಲ್ಲಿ, ಅಲ್ಲಿನ ಸಮುದ್ರದ ನೀರು ವಿಪರೀತ ಬಿಸಿಯೇರಿ ನಿಂಗಲೂವಿನ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡವು. ಸೊಸೆ ಈ ಸುದ್ದಿಯನ್ನು ಕಳುಹಿಸಿದ್ದು ನನಗಲ್ಲ, ಅವಳ ಅಜ್ಜಿಗೆ, ನಮ್ಮ ಮನೆಮಾತಿನಲ್ಲಿ, ತನ್ನದೇ ದನಿಯಲ್ಲಿ. ತಪ್ಪುಗಳು ಬಹಳ ಇದ್ದವು. ಉಮ್ಮ ಅದನ್ನು ಮೂರು ಬಾರಿ ಕೇಳಿದರು.