ಗಣಪತಿಗೂ ಗರಿಕೆ, ಬ್ಯಾಟ್ಸ್‌ಮನ್ನಿಗೂ ಗರಿಕೆ

ನಮ್ಮ ಕ್ಲಬ್ಬಿಗೆ ಹುಲ್ಲಿನ ನೆಟ್ಸ್ ಬೇಕು ಎಂಬ ಮಾತು ಮೊದಲು ಯಾರ ಬಾಯಿಂದ ಬಂತೋ, ಈಗ ಕೇಳಿದರೆ ಎಲ್ಲರೂ 'ನಾನೇ ಹೇಳಿದ್ದು' ಎನ್ನುತ್ತಾರೆ. ಹುಲ್ಲು ಚೆನ್ನಾಗಿ ಹಿಡಿದಿದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಹಿಡಿಯದೇ ಹೋಗಿದ್ದರೆ ಅದನ್ನು ಹೇಳಿದವರು ಕಾರ್ಯದರ್ಶಿ ಒಬ್ಬರೇ ಆಗಿರುತ್ತಿದ್ದರು.

ಅದಕ್ಕೆ ಮುಂಚೆ ಇದ್ದದ್ದು ತೆಂಗಿನ ನಾರಿನ ಮ್ಯಾಟು. ಬಿಗಿಯಾಗಿ ಎಳೆದು ಅಂಚಿಗೆ ಮೊಳೆ ಹೊಡೆದರೆ ಆಯಿತು, ಆಟ ಶುರು. ಸಂಜೆ ಸುತ್ತಿ ಒಳಗಿಟ್ಟರೆ ಬೀಗ, ಇಲ್ಲದಿದ್ದರೆ ಬೀದಿನಾಯಿಗಳಿಗೆ ಹಾಸಿಗೆ. ಮ್ಯಾಟನ್ನು ಹಗುರವಾಗಿ ಕಾಣಬೇಡಿ ಮತ್ತೆ. ನಮ್ಮ ರಾಜ್ಯದ ಎಷ್ಟೋ ಆಟಗಾರರು ಕೈಕಾಲು ಕಲಿತದ್ದು ಅದರ ಮೇಲೆಯೇ. 1959ರ ಡಿಸೆಂಬರಿನಲ್ಲಿ ಕರಾಚಿಯಲ್ಲಿ ಪಾಕಿಸ್ತಾನ ಮತ್ತು ಆಸ್ಟ್ರೇಲಿಯಾ ಟೆಸ್ಟ್ ಆಡಿದ್ದೂ ಮ್ಯಾಟಿನ ಮೇಲೆ. ಅದನ್ನು ನೋಡಲು ಬಂದವರು ಯಾರು ಗೊತ್ತೆ? ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್! ಪಾಪ, ಅವರು ಬಂದ ದಿನ ಪಾಕಿಸ್ತಾನ ಬೆಳಗಿನಿಂದ ಸಂಜೆವರೆಗೆ ಆಡಿ ಹೊಡೆದದ್ದು 104 ರನ್ನು. ಮಹಾಯುದ್ಧ ಗೆದ್ದ ಸೇನಾಪತಿ, ಸಹಿಸಿಕೊಂಡಿರಬೇಕು. ಆಮೇಲೆ ಯಾವ ಅಮೆರಿಕನ್ ಅಧ್ಯಕ್ಷರೂ ಟೆಸ್ಟ್ ಪಂದ್ಯದ ಹತ್ತಿರ ಸುಳಿದಂತಿಲ್ಲ.

ಎಲ್ಲಿದ್ದೆ? ಹಾಂ, ಹುಲ್ಲು. ಹುಲ್ಲಿಗಿಂತ ಮೊದಲು ಮಣ್ಣು. ಪಿಚ್ ಅಂದರೆ 22 ಗಜ ಉದ್ದ, 10 ಅಡಿ ಅಗಲ. ಅಷ್ಟನ್ನೂ ಅಗೆದು, ತಳಕ್ಕೆ ಜಲ್ಲಿ, ಅದರ ಮೇಲೆ ಮರಳು, ಮೇಲೆ ಐದಾರು ಅಂಗುಲ ಜಿಗುಟು ಮಣ್ಣು. ನೀರು ಇಳಿಯಬೇಕು, ಆದರೆ ಮಣ್ಣು ಕದಲಬಾರದು. ಎರೆಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು: ನೆನೆದರೆ ಉಬ್ಬುತ್ತದೆ, ಒಣಗಿದರೆ ಕಲ್ಲಾಗಿ ಬಿರಿಯುತ್ತದೆ. ಕ್ಲಬ್ಬಿನ ಸದಸ್ಯರೊಬ್ಬರು 'ದುಡ್ಡು ಕೊಟ್ಟು ಮಣ್ಣು ತರುತ್ತೀರೇನ್ರೀ?' ಎಂದು ರೇಗಿ ಒಂದು ಟ್ರ್ಯಾಕ್ಟರ್ ಕೆರೆಗೋಡು ತರಿಸಿಯೇ ಬಿಟ್ಟರು. ಮಣ್ಣೇನೋ ಚೆನ್ನಾಗಿತ್ತು. ಜೊತೆಗೆ ಬಸವನಹುಳುವಿನ ಚಿಪ್ಪು, ಹೆಂಚಿನ ಚೂರು, ಒಂದು ಹಳೇ ಚಪ್ಪಲಿಯೂ ಬಂತು. ಗಾರೆ ಕೆಲಸದವರ ಜರಡಿ ತಂದು ಎಲ್ಲವನ್ನೂ ಸೋಸಿದ್ದಾಯಿತು. ಚಪ್ಪಲಿಯ ಜೋಡಿ ಇನ್ನೂ ಕೆರೆಯಲ್ಲೇ ಇರಬೇಕು.

ಮಣ್ಣಿಗೆ ಇಷ್ಟೊಂದು ಮರ್ಯಾದೆಯೇ ಎಂದು ನಗಬೇಡಿ. ಬೆಂಗಳೂರಿನ ವಿಮಾನ ನಿಲ್ದಾಣದ ಕಡೆ ಬಿಸಿಸಿಐ 2024ರಲ್ಲಿ ತೆರೆದ ಸೆಂಟರ್ ಆಫ್ ಎಕ್ಸಲೆನ್ಸ್‌ನಲ್ಲಿ ಬಯಲಿನ ಅಭ್ಯಾಸಕ್ಕೆಂದೇ 45 ಪಿಚ್‌ಗಳಿವೆ. ಮುಂಬೈಯಿಂದ ಕೆಮ್ಮಣ್ಣು, ಒಡಿಶಾದ ಕಾಳಹಂಡಿಯಿಂದ ಎರೆಮಣ್ಣು, ಜೊತೆಗೆ ನಮ್ಮ ಮಂಡ್ಯದ ಮಣ್ಣು. ಇಷ್ಟು ಕಾಲ ಕಬ್ಬು, ಭತ್ತ ಬೆಳೆದ ಮಣ್ಣು ಈಗ ಯಾರ್ಕರ್ ಬೆಳೆಯುತ್ತಿದೆ. ಅದಕ್ಕೆ ಬೆಂಬಲ ಬೆಲೆಯ ಗಲಾಟೆಯೂ ಇಲ್ಲ.

ಇನ್ನು ಹುಲ್ಲು. ಕ್ಯಾಟಲಾಗಿನಲ್ಲಿ 'ಬರ್ಮುಡಾ' ಎಂದು ಅಚ್ಚಾಗಿರುವುದನ್ನು ನೋಡಿ ಕಮಿಟಿಯವರು ಬೆಲೆಗೆ ಹೆದರಿದ್ದರು. ನಮ್ಮ ಮಾಲಿ ಚಿತ್ರ ನೋಡಿ, 'ಇದು ಗರ್ಕೆ ಅಲ್ವಾ ಸಾರ್' ಎಂದ. ಹೌದು, ಅದೇ ಕುಲ! ಭಾದ್ರಪದ ಚೌತಿಯಲ್ಲಿ ಇಪ್ಪತ್ತೊಂದು ಎಳೆ ಗಣಪತಿಗೆ ಏರುವುದೂ ಅದೇ, ರೈತ ಎಷ್ಟು ಉತ್ತರೂ ಸಾಯದೆ ಬೈಗುಳ ತಿನ್ನುವುದೂ ಅದೇ. ಗದ್ದೆಯಲ್ಲಿ ಅದರ ದುರ್ಗುಣ ಯಾವುದೋ ಪಿಚ್ಚಿನಲ್ಲಿ ಅದೇ ಸದ್ಗುಣ. ತುಳಿದರೂ ಗಿಣ್ಣು ಗಿಣ್ಣಿಗೆ ಬೇರು ಬಿಡುತ್ತಾ ಹಬ್ಬುತ್ತದೆ. ಅದರ ಬಳ್ಳಿಯನ್ನು ತುಂಡು ಮಾಡಿ ಹಸಿ ಮಣ್ಣಿಗೆ ಒತ್ತಿದರೆ ಸಾಕು. ನಡುವೆ ಕೊನ್ನಾರಿ ತಲೆ ಹಾಕಿದರೆ ಮಾತ್ರ ಗಡ್ಡೆ ಸಮೇತ ಕೀಳಬೇಕು.

ಬೆಳೆದ ಹುಲ್ಲನ್ನು ಕತ್ತರಿಸಬೇಕಲ್ಲ? ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಒಂದು ಕಾಲಕ್ಕೆ ಕುರಿ ಬಿಟ್ಟು ಮೇಯಿಸುತ್ತಿದ್ದರು. ಹುಲ್ಲು ಕತ್ತರಿಸುವ ಯಂತ್ರವನ್ನು ಬಡಿಂಗ್ ಎಂಬಾತ ರೂಪಿಸಿದ್ದು 1830ರಲ್ಲಿ, ಅದೂ ಉಣ್ಣೆಬಟ್ಟೆಯ ಮೇಲಿನ ಜುಂಗು ಸವರುವ ಯಂತ್ರವನ್ನು ನೋಡಿ. ಹುಲ್ಲು ತಿನ್ನುವ ಕುರಿ, ಕುರಿಯ ಉಣ್ಣೆ, ಉಣ್ಣೆ ಸವರುವ ಯಂತ್ರ, ಅದರಿಂದ ಕುರಿಗೇ ಕೆಲಸವಿಲ್ಲ! ನಮ್ಮಲ್ಲಿ ಯಂತ್ರ ಕೆಟ್ಟಾಗ ಪಕ್ಕದ ಬೀದಿಯ ಮೇಕೆಗಳು ಕರೆಯದೆಯೇ ಬರುತ್ತವೆ. ಆದರೆ ಅವು ಗುಡ್ ಲೆಂಗ್ತ್ ಬಿಟ್ಟು ಬೇರೆಲ್ಲೂ ಮೇಯುವುದಿಲ್ಲ.

ಮುಖ್ಯ ಸಂಗತಿ ರೋಲರ್. ಎಲ್ಲರೂ ಅದರ ತೂಕದ ಬಗ್ಗೆ ಮಾತಾಡುತ್ತಾರೆ, ಮಾಲಿ ಮಾತ್ರ ಹದದ ಬಗ್ಗೆ. ನೀರುಣಿಸಿದ ಮಣ್ಣು ಅಕ್ಕಿರೊಟ್ಟಿ ಹಿಟ್ಟಿನ ಹಾಗೆ, ಬೆರಳೊತ್ತಿದರೆ ಗುರುತು ಬೀಳಬೇಕು, ಕೈಗೆ ಅಂಟಬಾರದು. ಆ ಹೊತ್ತು ಕಾದು ಎಳೆದರೆ ಮಣ್ಣು ಬಿಗಿಯುತ್ತದೆ. ತಪ್ಪಿದರೆ ಸುಮ್ಮನೆ ಬೆವರು. ಒಮ್ಮೆ ಕಾರ್ಯದರ್ಶಿಗಳು ಅವಸರ ಮಾಡಿದರೂ ಮಾಲಿ ಅಲುಗಾಡಲಿಲ್ಲ. 'ಈಗ ಎಳುದ್ರೆ ಮಣ್ಣೆಲ್ಲ ರೋಲರ್‌ಗೇ ಅಂಟ್ಕತದೆ ಸಾರ್. ಬಿಸ್ಲು ಏರ್ಲಿ, ತಡೀರಿ.' ಕಮಿಟಿಯ ಸಭೆಯಲ್ಲಿ ಇಷ್ಟು ಖಚಿತವಾದ ಮಾತು ನಾನು ಕೇಳಿಲ್ಲ.

ಪಂದ್ಯದ ಪಿಚ್ಚಿನ ಪಾಡು ವಾಸಿ, ಆಡಿ ಬಿಟ್ಟುಬಿಡುತ್ತಾರೆ. ನೆಟ್ಸಿನದು ದಿನದ ಗೋಳು. ಒಬ್ಬನ ಹಿಂದೊಬ್ಬ ಬೌಲರ್ ಒಂದೇ ಜಾಗಕ್ಕೆ ಕಾಲಿಟ್ಟು ಗುಂಡಿ ತೋಡುತ್ತಾನೆ, ಬ್ಯಾಟ್ಸ್‌ಮನ್ ಗಾರ್ಡ್ ತೆಗೆದುಕೊಳ್ಳುವ ನೆಪದಲ್ಲಿ ಕ್ರೀಸ್ ಕೆರೆಯುತ್ತಾನೆ. ಸಂಜೆ ಆ ಗುಂಡಿಯ ಪುಡಿ ಗುಡಿಸಿ, ನೀರು ಚಿಮುಕಿಸಿ, ಹಸಿ ಮಣ್ಣು ತುಂಬಿ ದಮ್ಮಸು ಹೊಡೆಯಬೇಕು. ಅದಕ್ಕೇ ಇರುವ ನಾಲ್ಕು ನೆಟ್ಸಿನಲ್ಲಿ ಎರಡಕ್ಕೆ ಆಟ, ಎರಡಕ್ಕೆ ವಿಶ್ರಾಂತಿ. ಇದನ್ನು ಕೋಚಿಂಗಿಗೆ ಬರುವ ಹುಡುಗರ ತಂದೆಯರಿಗೆ ತಿಳಿಸುವುದಿದೆಯಲ್ಲ, ಅದು ರೋಲರ್ ಎಳೆಯುವುದಕ್ಕಿಂತ ಕಷ್ಟ.

ಕೊನೆಗೆ ನೀರು. ಚಿನ್ನಸ್ವಾಮಿ ಮೈದಾನಕ್ಕೆ 2017ರಲ್ಲಿ ಮಳೆನೀರನ್ನು ನೆಲದಡಿಯಿಂದ ಹೀರುವ ಯಂತ್ರ ಬಂತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಅದೇ ಮೈದಾನಕ್ಕೆ ಐಪಿಎಲ್ ವೇಳೆ ಸಂಸ್ಕರಿಸಿದ ಕೊಳಚೆ ನೀರು ಕೊಡಬೇಕಾಯಿತು. ನಮ್ಮಲ್ಲಿ ನೀರು ಹೀರಲು ಗೋಣಿಚೀಲ, ಹಾಕಲು ಅರ್ಧ ಇಂಚಿನ ಪೈಪು.

ನೀವು ನಮ್ಮ ಕ್ಲಬ್ಬಿನ ಕಡೆ ಬಂದರೆ ಖಂಡಿತ ಒಳಗೆ ಬನ್ನಿ. ಹಗ್ಗ ಕಟ್ಟಿರುವ ನೆಟ್ಸ್ ಕಂಡರೆ ದಾಟಬೇಡಿ, ಸುತ್ತಿ ಬನ್ನಿ. ಬೆಳಗ್ಗೆ ಆರಕ್ಕೇ ಬಂದರೆ ಇನ್ನೂ ಒಳ್ಳೆಯದು. ಪೈಪು ಹಿಡಿಯಲು ಒಬ್ಬರು ಕಡಿಮೆ ಇದ್ದಾರೆ.