ಬಚ್ಚಲ ಹೊಗೆ ಎದ್ದಿತಾ?

ಬ್ಯಾಟರಾಯನಪುರದ ನನ್ನ ಬಾಡಿಗೆ ರೂಮಿನಿಂದ ಮೂಡಿಗೆರೆ ತಾಲ್ಲೂಕಿನ ನಮ್ಮ ಮನೆಗೆ ಬಸ್ಸಿನಲ್ಲಿ ಒಂದು ರಾತ್ರಿಯ ದಾರಿ. ಅಲ್ಲಿ ಅಮ್ಮ ಒಬ್ಬಳೇ. ಎರಡು ಹಸು, ಒಂದು ನಾಯಿ, ಬೆನ್ನಿಗೆ ಗುಡ್ಡ. 2019ರ ಆಗಸ್ಟ್‌ನಲ್ಲಿ ಮಲೆಮನೆ, ಆಲೇಖಾನ್ ಹೊರಟ್ಟಿ ಕಡೆ ಗುಡ್ಡ ಜಾರಿದ ಮೇಲೆ ನಮ್ಮ ಗುಡ್ಡವನ್ನೂ ಮೊದಲಿನಂತೆ ನೋಡೋಕೆ ಆಗ್ತಿಲ್ಲ. ಬೆಂಗಳೂರಿಗೆ ಬಾ ಅಂದರೆ, "ಹಸು ಎಲ್ಲಿ ಕಟ್ಟಲಿ ಮಗಾ, ನಿನ್ನ ರೂಮಲ್ಲಾ?" ಅಂತಾಳೆ.

ಈ ಬೇಸಿಗೆಯಲ್ಲಿ ಜಗಲಿಗೆ ಸಿಮ್ ಹಾಕುವ ಕ್ಯಾಮೆರಾ ಕೂರಿಸಿದೆ. ಮೇ ತನಕ ಚೆಂದ. ಅಂಗಳ, ನಾಯಿ, ಮೆಣಸು ಒಣಗಿಸುವ ಅಮ್ಮ, ಎಲ್ಲ ಮೊಬೈಲಿನಲ್ಲೇ. ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋಯಿತು. ಇನ್ವರ್ಟರ್ ಒಂದು ದಿನ ತಡೆಯಿತು. ಆಮೇಲೆ ಟವರೂ ಸತ್ತಿತು, ಅಮ್ಮನ ಫೋನೂ ಹೋಯಿತು. ಮೆಮೊರಿ ಕಾರ್ಡಿನಲ್ಲಿ ಎಲ್ಲ ಉಳಿದಿರುತ್ತೆ, ನಿಜ. ಮನೆ ಹೋದ ಮೇಲೆ ನೋಡೋಕಾ?

ನನಗೆ ಉಪಯೋಗಕ್ಕೆ ಬಂದದ್ದು ಇಲ್ಲೇ ಪಕ್ಕದ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಪಂಚಾಯ್ತಿಗೊಂದು ಮಳೆಮಾಪಕ ಇಟ್ಟಿದ್ದಾರೆ. ಸೋಲಾರ್‌ನಲ್ಲಿ ನಡೆಯುತ್ತೆ, 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತೆ. 'ವರುಣ ಮಿತ್ರ' ಸಹಾಯವಾಣಿ 92433 45433ಕ್ಕೆ ಫೋನ್ ಮಾಡಿ ಊರು ಹೇಳಿ ಕೇಳಬಹುದು. (ಮಾಪಕವೂ ಮೊಬೈಲ್ ನೆಟ್‌ವರ್ಕ್ ಮೇಲೇ ನಡೆಯೋದು. ನಿಮ್ಮೂರಿನ ಲೆಕ್ಕ ಬಾರದಿದ್ದರೆ ಪಕ್ಕದ ಪಂಚಾಯ್ತಿಯದು ಕೇಳಿ.)

24 ಗಂಟೆಯಲ್ಲಿ 115 ಮಿ.ಮೀ. ದಾಟಿದರೆ ಹವಾಮಾನ ಇಲಾಖೆ ಅದನ್ನು ಅತಿ ಭಾರಿ ಮಳೆ ಅನ್ನುತ್ತೆ. ಎರಡು ದಿನ ಸತತ ಅಷ್ಟು ಬಿದ್ದರೆ ಕೊಟ್ಟಿಗೆಹಾರದ ಚಿಕ್ಕಮ್ಮನ ಮನೆಗೆ ಹೊರಡಬೇಕು ಅಂತ ಅಮ್ಮನ ಜೊತೆ ಒಪ್ಪಂದ. ಇದು ವಿಜ್ಞಾನವಲ್ಲ, ನಮ್ಮನೆ ಲೆಕ್ಕ. ನೆಲ ಬಿರುಕು ಬಿಟ್ಟರೆ, ಒರತೆಯಲ್ಲಿ ದಿಢೀರನೆ ಕೆಸರುನೀರು ಬಂದರೆ ಯಾವ ಲೆಕ್ಕಕ್ಕೂ ಕಾಯಬಾರದು.

ಫೋನ್ ಇಲ್ಲದ ಅಮ್ಮನಿಗೆ ತಿಳಿಸೋದು ಹೇಗೆ? ಎದುರು ದಿಬ್ಬದ ಅಣ್ಣನದು ಬೇರೆ ಕಂಪನಿ ಸಿಮ್, ತೋಟದ ತುದಿಯಲ್ಲಿ ಸ್ವಲ್ಪ ಸಿಗ್ನಲ್ ಸಿಗುತ್ತೆ. ಬೆಳಿಗ್ಗೆ ನಮ್ಮ ಬಚ್ಚಲ ಒಲೆಯ ಹೊಗೆ ಎದ್ದಿದ್ದು ಕಂಡರೆ ನನಗೊಂದು ಮಿಸ್ಡ್ ಕಾಲ್ ಕೊಡ್ತಾರೆ. ಜುಲೈ ಕೊನೆಯಲ್ಲಿ ಎರಡನೇ ದಿನವೂ ಮಳೆ ಗೆರೆ ದಾಟಿತು. ಅವರಿಗೆ ಹೇಳಿದೆ. ಟಾರ್ಚ್ ಹಿಡಿದು ಹೊರಟರು. ರಾತ್ರಿ ಹತ್ತಕ್ಕೆ ಅಮ್ಮ ಚಿಕ್ಕಮ್ಮನ ಮನೆ ತಲುಪಿದಳು, ಹಸುಗಳ ಸಮೇತ.

ಗುಡ್ಡ ಜಾರಲಿಲ್ಲ. ನಾಲ್ಕು ದಿನ ಬಿಟ್ಟು ಮನೆಗೆ ಹೋದವಳು, "ಸುಮ್ಮನೆ ಓಡಿಸಿದೆಯಲ್ಲೋ" ಅಂತ ಬೈದಳು. ಬೈಯಲಿ. ಮಳೆಗಾಲ ಇನ್ನೂ ಮುಗಿದಿಲ್ಲ. ಅಣ್ಣನ ಫೋನಿಗೆ ಈ ತಿಂಗಳ ರೀಚಾರ್ಜ್ ನಾನೇ ಹಾಕಿಸಿದ್ದೇನೆ.