ಚಳ್ಳಕೆರೆಯ ಕಾವಲಿನಲ್ಲಿ ವಿಮಾನದ ಹಾದಿ

ಚಳ್ಳಕೆರೆ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಅಡುಗೆ ಮನೆಯ ಶೇಂಗಾ ಎಣ್ಣೆ ನೆನಪಾಗಬಹುದು. ಚಳಿಗಾಲದಲ್ಲಿ ಅಜ್ಜಿ ಹೊದೆಯುತ್ತಿದ್ದ ಕರಿ ಕಂಬಳಿ ನೆನಪಾಗಬಹುದು. ಮೊಳಕಾಲ್ಮೂರು ಎಂದರೆ ರೇಷ್ಮೆ ಸೀರೆ, ಮದುವೆ ಮನೆ. ಈ ಎರಡು ಊರುಗಳ ಹೆಸರಿನ ಜೊತೆ ವಿಮಾನ ಎಂಬ ಮಾತನ್ನು ಸೇರಿಸುವವರು ಕಡಿಮೆ. ಆದರೆ ಚಳ್ಳಕೆರೆಯಿಂದ ನಾಯಕನಹಟ್ಟಿಯ ಕಡೆಗೆ ಹೊರಡಿ. ಕುದಾಪುರದ ಆಸುಪಾಸಿನಲ್ಲಿ ಎತ್ತರದ ಗೋಡೆ ನಿಮ್ಮ ಜೊತೆಗೇ ಬರತೊಡಗುತ್ತದೆ. ಆ ಗೋಡೆಯ ಆಚೆ ಸುಮಾರು 2.2 ಕಿಲೋಮೀಟರ್ ಉದ್ದದ ರನ್‌ವೇ ಇದೆ. ಅಲ್ಲಿ ಇಳಿದ ವಿಮಾನಗಳ ಸುದ್ದಿ ದೇಶದ ಎಲ್ಲ ಪತ್ರಿಕೆಗಳಲ್ಲೂ ಬಂದಿದೆ. ನೀವು ಅಥವಾ ನಾನು ಮಾತ್ರ ಅಲ್ಲಿಂದ ವಿಮಾನ ಹತ್ತುವಂತಿಲ್ಲ.

ಹಾಗಾದರೆ ಈ ಕಡೆಯವರು ಹಜ್‌ಗೋ ಉಮ್ರಾಕ್ಕೋ ಹೋಗುವುದು ಹೇಗೆ? ಹಿರಿಯೂರು, ಶಿರಾ, ತುಮಕೂರು ದಾಟಿ ಸುಮಾರು ಇನ್ನೂರು ಕಿಲೋಮೀಟರ್ ರಸ್ತೆಯಲ್ಲಿ ಹೋಗಿ ದೇವನಹಳ್ಳಿ ಸೇರಬೇಕು. ಹಿಂದಿನವರ ಕಷ್ಟಕ್ಕೆ ಹೋಲಿಸಿದರೆ ಇದೇನೂ ಅಲ್ಲ ಬಿಡಿ. ಅವರು ರೈಲಿನಲ್ಲಿ ಮುಂಬೈಗೆ ಹೋಗಿ, ಅಲ್ಲಿಂದ ಜಿದ್ದಾದ ಹಡಗು ಹತ್ತುತ್ತಿದ್ದರು. ಆ ಹಡಗಿನ ಯಾತ್ರೆ 1995ರಲ್ಲಿ ನಿಂತುಹೋಯಿತು.

ಬೆಂಗಳೂರಿನ ವಿಮಾನದ ಕತೆ ಆರಂಭವಾದದ್ದು ಪ್ರಯಾಣಿಕರಿಗಾಗಿ ಅಲ್ಲ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ವಿಮಾನ ಕಾರ್ಖಾನೆ ಸ್ಥಾಪಿಸಿದರು. ಅದೇ ಇಂದಿನ ಎಚ್‌.ಎ.ಎಲ್. ಅದರ ರನ್‌ವೇಯೇ ಮುಂದೆ ಊರಿನ ವಿಮಾನ ನಿಲ್ದಾಣವೂ ಆಯಿತು. 2008ರ ಮೇ 24ರಂದು ದೇವನಹಳ್ಳಿಯ ಹೊಸ ಅಂತಾರಾಷ್ಟ್ರೀಯ ನಿಲ್ದಾಣ ತೆರೆದಾಗ ಹಳೆಯ ನಿಲ್ದಾಣದಿಂದ ನಮ್ಮಂಥವರ ವಿಮಾನಗಳು ಹೊರಟುಹೋದವು. ಗಣ್ಯರ ವಿಮಾನಗಳು, ಶ್ರೀಮಂತರು ಬಾಡಿಗೆಗೆ ಪಡೆಯುವ ಸಣ್ಣ ಜೆಟ್‌ಗಳು ಅಲ್ಲೇ ಉಳಿದವು. ಊರ ನಡುವಿನ ಅನುಕೂಲ ಅವರಿಗೆ, ದೂರದ ಟ್ಯಾಕ್ಸಿ ಬಾಡಿಗೆ ನಮಗೆ!

ದೇವನಹಳ್ಳಿ ಟಿಪ್ಪು ಸುಲ್ತಾನರು ಹುಟ್ಟಿದ ಊರು ಎಂಬುದು ನಿಮಗೆ ಗೊತ್ತೇ ಇದೆ. ಚಳ್ಳಕೆರೆಯ ರನ್‌ವೇ ಇರುವ ನೆಲಕ್ಕೂ ಅವರ ಹೆಸರಿಗೂ ನಂಟಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಆ ನೆಲ ಅಮೃತ ಮಹಲ್ ಕಾವಲು.

ಕಾವಲು ಎಂದರೆ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಸುಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಇತ್ತು. ಹೈದರ್ ಅಲಿಯವರು ಆ ತಳಿಯ ಎತ್ತುಗಳನ್ನು ಫಿರಂಗಿ ಎಳೆಯಲು, ದಂಡಿನ ಸಾಮಾನು ಹೊರಲು ಬಳಸಿದರು. ಟಿಪ್ಪು ಅದನ್ನು ಇನ್ನಷ್ಟು ವ್ಯವಸ್ಥಿತಗೊಳಿಸಿ ‘ಅಮೃತ ಮಹಲ್’ ಎಂದು ಹೆಸರಿಟ್ಟರು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು. ದನಗಳು ಋತುವಿಗೆ ತಕ್ಕಂತೆ ಸಂಸ್ಥಾನದ ಉದ್ದಗಲಕ್ಕೂ ನಡೆಯುತ್ತಿದ್ದವು. ಈ ಎತ್ತುಗಳ ಬಲದಿಂದಲೇ ಹೈದರ್ ಅಲಿಯವರು ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರಂ ತಲುಪಿದರೆಂದು ಹಳೆಯ ಗೆಜೆಟಿಯರ್‌ಗಳು ಹೇಳುತ್ತವೆ. ಅಂದಿನ ಕಾಲಕ್ಕೆ ಅದು ವಿಮಾನದ ವೇಗವೇ ಸರಿ. 1860ರಲ್ಲಿ ಬ್ರಿಟಿಷರು ಖರ್ಚು ಉಳಿಸಲೆಂದು ಈ ಇಲಾಖೆಯನ್ನು ಮುಚ್ಚಿ ದನಗಳನ್ನು ಮಾರಿದರು. ಒಳ್ಳೆಯ ಎತ್ತು ಸಿಗದೆ ಆರೇ ವರ್ಷಕ್ಕೆ ಮತ್ತೆ ಅದನ್ನು ಕಟ್ಟಬೇಕಾಯಿತು.

ಚಿತ್ರದುರ್ಗ ಜಿಲ್ಲೆಯಲ್ಲಿ ಹೈದರ್ ಅಲಿಯವರ ಹೆಸರು ಬಂದರೆ ಕೇಳುವವರಿಗೆ ಮೊದಲು ನೆನಪಾಗುವುದು ಒನಕೆ ಓಬವ್ವ. ಅದು ಸಹಜ. 1779ರಲ್ಲಿ ಕೋಟೆ ಅವರ ವಶವಾಯಿತು, ಊರು ಅದನ್ನು ಮರೆತಿಲ್ಲ. ಆದರೆ ಅದೇ ಜಿಲ್ಲೆಯ ಹುಲ್ಲುಗಾವಲಿನಲ್ಲಿ ಅವರ ಮನೆತನದ ಇನ್ನೊಂದು ನೆನಪು ಸದ್ದಿಲ್ಲದೆ ಉಳಿದುಬಂದಿತ್ತು. ಇದನ್ನೂ ತಿಳಿದಿರುವುದು ಒಳ್ಳೆಯದು.

ಅರಸರ ದನ ಕಡಿಮೆಯಾದಂತೆ ಕಾವಲು ಸುತ್ತಲಿನ ಹಳ್ಳಿಗಳ ಆಸರೆಯಾಯಿತು. ಇಲ್ಲಿ ಮಳೆ ಬಹಳ ಕಡಿಮೆ. ಒಂದು ಎಕರೆ ಶೇಂಗಾ ನಂಬಿ ಬದುಕಲಾಗದು. ಮಳೆ ಕೈಕೊಟ್ಟ ವರ್ಷ ಮನೆ ಉಳಿಸುವುದು ಕುರಿ. ಕುರಿಗೆ ಬೇಕಾದದ್ದು ಬಯಲು. ಕುರಿಯ ಉಣ್ಣೆಯಿಂದ ಕಂಬಳಿ. ಉಣ್ಣೆ ಹಿಂಜಿ ನೂಲು ತೆಗೆಯುವ ಕೆಲಸದಲ್ಲಿ ಹೆಂಗಸರ ಕೈ ದೊಡ್ಡದು. ಮಗ್ಗದ ಮುಂದೆ ಕೂತವನ ಹೆಸರು ಮಾತ್ರ ನೇಕಾರ ಎಂದಾಗುತ್ತದೆ. ಸೌದೆ, ಒಲೆಗೆ ಬೆರಣಿ, ಕಾಯಿಲೆಗೆ ಬೇರು ಸೊಪ್ಪು, ಎಲ್ಲವೂ ಆ ಬಯಲಿನಿಂದಲೇ. ಮ್ಯಾಸಬೇಡರ ಹಟ್ಟಿಗಳಲ್ಲಿ ‘ದೇವರ ಎತ್ತು’ಗಳಿವೆ. ಅವುಗಳಿಗೆ ನೊಗ ಹೂಡುವಂತಿಲ್ಲ, ಮೇಯಿಸಿ ಸಾಕಬೇಕು. ಅವುಗಳನ್ನು ನೋಡಿಕೊಳ್ಳುವವನನ್ನು ಕಿಲಾರಿ ಎನ್ನುತ್ತಾರೆ. ಆತನಿಗೂ ಹುಲ್ಲು ಬೇಕು.

ಸರಕಾರದ ಕಡತದಲ್ಲಿ ಮಾತ್ರ ಇದು ಖಾಲಿ ಜಾಗ. 2007ರ ನಂತರದ ಕೆಲವೇ ವರ್ಷಗಳಲ್ಲಿ ಈ ಕಾವಲಿನ ಭೂಮಿ ದೊಡ್ಡ ಸಂಸ್ಥೆಗಳಿಗೆ ಹಂಚಿಹೋಯಿತು. ರಕ್ಷಣಾ ಸಂಶೋಧನೆಯ ಡಿ.ಆರ್.ಡಿ.ಒ.ಗೆ 4290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1810 ಎಕರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆ, ಇಸ್ರೋಗೆ 573 ಎಕರೆ. ಒಂದು ಹೋಲಿಕೆ ನೋಡಿ. ವರ್ಷಕ್ಕೆ ಕೋಟಿಗಟ್ಟಲೆ ಜನ ಓಡಾಡುವ ದೇವನಹಳ್ಳಿಯ ಇಡೀ ವಿಮಾನ ನಿಲ್ದಾಣವಿರುವುದು ಸುಮಾರು 4000 ಎಕರೆಯಲ್ಲಿ. ಒಬ್ಬ ಪ್ರಯಾಣಿಕನನ್ನೂ ಹತ್ತಿಸದ ಚಳ್ಳಕೆರೆಯ ವಿಮಾನ ಪರೀಕ್ಷಾ ಕೇಂದ್ರಕ್ಕೆ ಸಿಕ್ಕ ಜಾಗ ಅದಕ್ಕಿಂತಲೂ ಹೆಚ್ಚು.

ಗೋಡೆ ಏಳತೊಡಗಿದಾಗಲೇ ಅನೇಕ ಹಳ್ಳಿಗರಿಗೆ ವಿಷಯ ತಿಳಿದದ್ದು. ದೊಡ್ಡಉಳ್ಳಾರ್ತಿಯಂಥ ಊರುಗಳ ಜನ ಪ್ರತಿಭಟಿಸಿದರು. ಪರಿಸರವಾದಿಗಳು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. ಕೃಷ್ಣಮೃಗ ಓಡುವ ಇಂಥ ಹುಲ್ಲುಗಾವಲು ಮತ್ತೆ ಹುಟ್ಟದು ಎಂಬುದು ಅವರ ವಾದ. 2014ರಲ್ಲಿ ತೀರ್ಪು ಬಂತು. ಕಟ್ಟಡದ ಕೆಲಸ ಮುಂದುವರಿಯಿತು.

ಇಲ್ಲಿ ನಮ್ಮದೇ ಇತಿಹಾಸದ ಒಂದು ಪುಟ ನೆನಪಾಗುತ್ತದೆ. ಹುಲ್ಲು ಮತ್ತು ನೀರು ಎಲ್ಲರ ಪಾಲಿನ ಸೊತ್ತು ಎಂಬ ಅರ್ಥದ ಪ್ರವಾದಿ(ಸ)ರ ಮಾತನ್ನು ನೀವು ಕೇಳಿರಬಹುದು. ಅರೇಬಿಯಾದಲ್ಲೂ ಕಾವಲುಗಳಿದ್ದವು. ಅವಕ್ಕೆ ‘ಹಿಮಾ’ ಎನ್ನುತ್ತಿದ್ದರು. ಖಲೀಫಾ ಉಮರ್(ರ) ಅಂಥ ಒಂದು ಹಿಮಾಕ್ಕೆ ಹುನೈ ಎಂಬವರನ್ನು ಮೇಲ್ವಿಚಾರಕರಾಗಿ ನೇಮಿಸಿದರು. ಅವರಿಗೆ ಕೊಟ್ಟ ಸೂಚನೆ ಬುಖಾರಿಯಲ್ಲಿದೆ. ನಾಲ್ಕಾರು ಒಂಟೆ, ಒಂದಿಷ್ಟು ಕುರಿ ಇರುವ ಬಡವರನ್ನು ಒಳಗೆ ಬಿಡಬೇಕು, ಶ್ರೀಮಂತರಾದ ಅಬ್ದುರ್‍ರಹ್ಮಾನ್ ಬಿನ್ ಔಫ್(ರ) ಮತ್ತು ಉಸ್ಮಾನ್ ಬಿನ್ ಅಫ್ಫಾನ್(ರ)ರ ಹಿಂಡುಗಳನ್ನು ಬಿಡಬಾರದು ಎಂಬುದು ಅದರ ಸಾರ. ಕಾರಣವನ್ನೂ ಅವರು ಹೇಳಿದ್ದರು. ಆ ಇಬ್ಬರ ಜಾನುವಾರು ಸತ್ತರೆ ಅವರಿಗೆ ಹೊಲ ತೋಟಗಳಿವೆ. ಬಡವನ ಕುರಿ ಸತ್ತರೆ ಅವನು ಮಕ್ಕಳನ್ನು ಕಟ್ಟಿಕೊಂಡು ತನ್ನ ಬಳಿಗೇ ಬರುತ್ತಾನೆ, ಆಗ ಖಜಾನೆಯ ಚಿನ್ನ ಬೆಳ್ಳಿ ಕೊಡುವುದಕ್ಕಿಂತ ಈಗ ಹುಲ್ಲು ನೀರು ಕೊಡುವುದು ಸುಲಭ. ಅಂದರೆ ನಾಡಿನ ಅಗತ್ಯಕ್ಕಾಗಿ ಕಾವಲು ಕಾಯುವುದನ್ನು ಉಮರ್(ರ) ಬಿಡಲಿಲ್ಲ. ಆದರೆ ಬಾಗಿಲನ್ನು ಯಾರಿಗೆ ತೆರೆಯಬೇಕು ಎಂಬುದು ಅವರಿಗೆ ಸ್ಪಷ್ಟವಿತ್ತು. ಚಳ್ಳಕೆರೆಯ ಗೋಡೆಯ ಬಳಿ ನಿಂತಾಗ ಈ ಘಟನೆ ಬೇಡವೆಂದರೂ ಮನಸ್ಸಿಗೆ ಬರುತ್ತದೆ.

ಹಾಗೆಂದು ಗೋಡೆಯ ಆಚೆ ನಡೆಯುವುದು ಸಣ್ಣ ಕೆಲಸವೇನಲ್ಲ. 2016ರ ನವೆಂಬರ್ 15ರಂದು ಪೈಲಟ್ ಇಲ್ಲದ ರುಸ್ತುಂ-2 ವಿಮಾನ ಮೊದಲ ಬಾರಿಗೆ ಹಾರಿದ್ದು ಇಲ್ಲಿಂದಲೇ. 2017ರ ಮೇ 28ರಂದು ಅಂದಿನ ರಕ್ಷಣಾ ಸಚಿವ ಅರುಣ್ ಜೇಟ್ಲಿಯವರು ಕೇಂದ್ರವನ್ನು ಉದ್ಘಾಟಿಸಿದರು. 2023ರ ಎಪ್ರಿಲ್ 2ರ ಬೆಳಗ್ಗೆ ಇಲ್ಲಿ ನಡೆದದ್ದಂತೂ ಮಕ್ಕಳಿಗೆ ಕತೆ ಮಾಡಿ ಹೇಳುವಂಥದ್ದು. ಬಾಹ್ಯಾಕಾಶಕ್ಕೆ ಹೋಗಿ ಮರಳಿ ಬಂದು ವಿಮಾನದಂತೆ ಇಳಿಯಬಲ್ಲ ವಾಹನವೊಂದನ್ನು ತಯಾರಿಸುವ ಪ್ರಯತ್ನದಲ್ಲಿದೆ ಇಸ್ರೋ. ಅದರ ಸಣ್ಣ ಮಾದರಿಯನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ತನ್ನ ಹೊಟ್ಟೆಯ ಕೆಳಗೆ ತೂಗುಹಾಕಿಕೊಂಡು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಒಳಗೆ ಮನುಷ್ಯರಿಲ್ಲ, ಎಂಜಿನ್ ಓಡುತ್ತಿಲ್ಲ. ಗಿಡುಗ ತೇಲಿದಂತೆ ತೇಲಿ, ತನ್ನ ದಾರಿಯನ್ನು ತಾನೇ ಲೆಕ್ಕ ಹಾಕಿ, ಅದು ರನ್‌ವೇಗೆ ಬಂದಿಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ‘ಪುಷ್ಪಕ್’ ಎಂಬ ಹೆಸರಿನಲ್ಲಿ ಮತ್ತೆರಡು ಬಾರಿ, ಇನ್ನೂ ಕಷ್ಟದ ಸ್ಥಿತಿಯಲ್ಲಿ ಬಿಟ್ಟು ನೋಡಿದರು. ನಾವು ಕೂರುವ ವಿಮಾನ ನೆಲ ಮುಟ್ಟುವಾಗ ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗದಲ್ಲಿರುತ್ತದೆ. ಪುಷ್ಪಕ್ ಮುಟ್ಟಿದ್ದು 320ರಲ್ಲಿ. ಬಾಲದ ಪ್ಯಾರಾಚೂಟ್ ಬಿಚ್ಚಿಕೊಂಡು ಅದರ ವೇಗವನ್ನು ತಗ್ಗಿಸಿತು.

ಎಲ್ಲ ಹಾರಾಟವೂ ಹೀಗೆ ಸುಖವಾಗಿ ಮುಗಿದಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ರುಸ್ತುಂ-2 ಚಳ್ಳಕೆರೆ ತಾಲೂಕಿನಲ್ಲೇ ಹೊಲಕ್ಕೆ ಬಿತ್ತು. 2023ರ ಆಗಸ್ಟ್‌ನಲ್ಲಿ ಇನ್ನೊಂದು ಹಿರಿಯೂರು ತಾಲೂಕಿನ ಹೊಲಕ್ಕೆ ಬಿತ್ತು. ಎರಡು ಸಲವೂ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ರಾಕೆಟ್ ಎಂದರೆ ಟಿಪ್ಪು ನೆನಪಾಗದಿರುತ್ತಾರೆಯೇ? ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ಮೈಸೂರಿನ ರಾಕೆಟ್‌ಗಳು 1780ರ ಪೊಳ್ಳಿಲೂರು ಕದನದಲ್ಲಿ ಬ್ರಿಟಿಷರನ್ನು ನಡುಗಿಸಿದ್ದವು. 1799ರ ನಂತರ ಅವುಗಳಲ್ಲಿ ಕೆಲವನ್ನು ಇಂಗ್ಲೆಂಡಿಗೆ ಒಯ್ದು ಪರೀಕ್ಷಿಸಿ, ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್‌ಗಳನ್ನು ತಯಾರಿಸಿದ. ಅಮೆರಿಕದ ವಾಲಪ್ಸ್ ಕೇಂದ್ರದ ಗೋಡೆಯಲ್ಲಿ ಟಿಪ್ಪುವಿನ ಸೇನೆಯ ಚಿತ್ರ ಕಂಡು ಯುವಕ ಅಬ್ದುಲ್ ಕಲಾಮ್ ಬೆರಗಾದದ್ದನ್ನು ಅವರೇ ಬರೆದಿದ್ದಾರೆ. ಮುಂದೆ ಅವರು ಇದೇ ಡಿ.ಆರ್.ಡಿ.ಒ.ದ ಮುಖ್ಯಸ್ಥರಾದರು. ಟಿಪ್ಪುವಿನ ಎತ್ತು ಮೇಯುತ್ತಿದ್ದ ನೆಲ, ಟಿಪ್ಪುವಿನ ರಾಕೆಟ್ಟಿನ ವಿದ್ಯೆ, ಎರಡೂ ಒಂದೇ ಗೋಡೆಯೊಳಗೆ ಸೇರಿವೆ. ಸೇರದೆ ಹೊರಗುಳಿದವನು ಕುರಿ ಕಾಯುವವನು.

ಒಂದು ಬಾಗಿಲು ಮಾತ್ರ ತೆರೆದಿದೆ ಎನ್ನಬೇಕು. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಕಾಲೇಜು ಶಿಕ್ಷಕರಿಗೆ ವಿಜ್ಞಾನ, ಗಣಿತ ಕಲಿಸುವ ತರಬೇತಿ ಕೇಂದ್ರವಿದೆ. ಅಲ್ಲಿ ಪ್ರಯೋಗಗಳನ್ನು ತಾವೇ ಮಾಡಿ ಕಲಿಯುತ್ತಾರೆ. ನಿಮ್ಮ ಮನೆಯಲ್ಲಿ ಟೀಚರ್ ಆಗಿರುವ ಸೊಸೆಯೋ ಮಗಳೋ ಇದ್ದರೆ ವಿಚಾರಿಸಲು ಹೇಳಿ.

ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿಯಿರಿ. ತಳಕು ದಾಟಿ ಮುಂದೆ ಹೋದಂತೆ ಬಯಲು ಮುಗಿದು ಬಂಡೆಗುಡ್ಡಗಳು ಶುರುವಾಗುತ್ತವೆ. ಗುಡ್ಡದ ಕಲ್ಲುಗಳನ್ನು ಯಾರೋ ಕೈಯಿಂದ ಪೇರಿಸಿಟ್ಟಂತಿದೆ. ಇದು ಮೊಳಕಾಲ್ಮೂರು ತಾಲೂಕು. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ಕರುಣೆ ಇರಬೇಕು, ಸತ್ಯ ನುಡಿಯಬೇಕು ಎಂಬ ಅರ್ಥದ ಮಾತು ಆ ಬಂಡೆಯಲ್ಲಿದೆ. ಸುವರ್ಣಗಿರಿಯಿಂದ ಇಸಿಲ ಎಂಬ ಇಲ್ಲಿನ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಕೆತ್ತಿದವನ ಹೆಸರು ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದ ಆತ, ತಾನು ಲಿಪಿಕಾರ ಎಂಬ ಕೊನೆಯ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ನಮ್ಮ ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆಯುವ, ವಾಯವ್ಯ ಗಡಿಯ ಕಡೆಯ ಲಿಪಿ ಅದು. ಅಷ್ಟು ದೂರದ ವಿದ್ಯೆ ಸಾವಿರಾರು ಮೈಲಿ ದಾಟಿ ಈ ಬಂಡೆಯ ವರೆಗೆ ಬಂದಿತ್ತು, ಅದೂ ರನ್‌ವೇ ಇಲ್ಲದೆ.

ಊರೊಳಗೆ ಹೋದರೆ ಮಗ್ಗದ ಸದ್ದು ಕೇಳುತ್ತದೆ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಅಂಚಿನ ಬಣ್ಣ ಬೇರೆ, ಒಡಲಿನ ಬಣ್ಣ ಬೇರೆ. ಎರಡನ್ನೂ ಕೈಮಗ್ಗದಲ್ಲಿ ಬೆಸೆಯುವ ಕೆಲಸ ತುಂಬ ತಾಳ್ಮೆಯದು. ಕೊಳ್ಳುವಾಗ ತುಂಬ ಚೌಕಾಶಿ ಮಾಡಬೇಡಿ.

ಇಲ್ಲಿಗೆ ಹತ್ತಿರದ ಪ್ರಯಾಣಿಕರ ವಿಮಾನ ಇರುವುದು ದೇವನಹಳ್ಳಿಯಲ್ಲಲ್ಲ, ಬಳ್ಳಾರಿಯ ಆಚೆ ತೋರಣಗಲ್ಲಿನಲ್ಲಿ. ಅದು ಜಿಂದಾಲ್ ಉಕ್ಕಿನ ಕಾರ್ಖಾನೆಯವರ ಖಾಸಗಿ ನಿಲ್ದಾಣ. 2017ರ ಸೆಪ್ಟೆಂಬರ್‌ನಲ್ಲಿ ಉಡಾನ್ ಯೋಜನೆಯಡಿ ಹೈದರಾಬಾದಿಗೆ ವಿಮಾನ ಆರಂಭವಾದಾಗ ಸಾಮಾನ್ಯರಿಗೂ ಟಿಕೆಟ್ ಸಿಕ್ಕಿತು. ಮನಸ್ಸು ಮಾಡಿದರೆ ಕಂಪೆನಿಯ ರನ್‌ವೇಯಲ್ಲೂ ಊರಿನವರಿಗೆ ಒಂದು ಬಾಗಿಲು ಇಡಬಹುದು ಎಂದಾಯಿತು.

ಸಂಜೆ ಚಳ್ಳಕೆರೆಗೆ ಮರಳಿದರೆ ಬಸ್ ನಿಲ್ದಾಣದ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಉಮ್ರಾಕ್ಕೆ ಹೊರಟವರಿದ್ದರೆ ನಿಮಗೆ ಗೊತ್ತಾಗುತ್ತದೆ. ಕೊರಳಲ್ಲಿ ಹೂವಿನ ಹಾರ, ಒಂದೇ ಬಣ್ಣದ ಚೀಲಗಳು, ದುಆಕ್ಕೆ ಹೇಳಿ ಎನ್ನುವ ನೆರೆಹೊರೆಯವರು. ಬೆಂಗಳೂರಿನ ಬಸ್ ಬಂದಾಗ ಮೊದಲು ಅಜ್ಜಿಯನ್ನು ಕೈ ಹಿಡಿದು ಹತ್ತಿಸುತ್ತಾರೆ. ಅದೇ ಹೊತ್ತಿಗೆ ನಾಯಕನಹಟ್ಟಿ ರಸ್ತೆಯಲ್ಲಿ ಕುರಿ ಹಿಂಡು ಗೋಡೆಯ ಪಕ್ಕದ ಕಿರಿದಾದ ಜಾಗದಲ್ಲಿ ಸಾಲಾಗಿ ರೊಪ್ಪದ ಕಡೆಗೆ ನಡೆಯುತ್ತಿರುತ್ತದೆ.